ದೇವರಿಗೆ ಬಿಟ್ಟ ಬೋನ್ಸಾಯ್

ಶೇಂಗಾ ಹಿಂಡಿಯನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿದರೆ ಗಿಡಕ್ಕೆ ಅಮೃತವಾಗುತ್ತದೆ. ಮನುಷ್ಯನ ಮೂಗಿಗೆ ಏನಾಗುತ್ತದೆ ಎಂಬುದನ್ನು ಹೇಳದಿರುವುದೇ ಲೇಸು. ಇಚಲಕರಂಜಿಯ ಮಲ್ಲಾರಿ ಅಂಥ ನೀರನ್ನು ಮಾಳಿಗೆಯ ಮೇಲಿನ ಗಿಡಕ್ಕೆ ಹಾಕುವಾಗ ಕೈ ಜಾರಿತು. ಚಂಬು ಕೈಯಲ್ಲೇ ಉಳಿಯಿತು, ನೀರು ಕೆಳಗೆ ಹೋಯಿತು. ಕೆಳಗೆ ಬಾಗಿಲ ಮುಂದೆ ಒಂದು ಬಿಳಿ ಟೊಪ್ಪಿಗೆ ಇತ್ತು. ಟೊಪ್ಪಿಗೆಯ ಕೆಳಗೆ ಕೊಲ್ಲಾಪುರದ ಪುಷ್ಪಪ್ರೇಮಿಗಳ ಸಂಘದ ಅಧ್ಯಕ್ಷ ಕಾಕಾಸಾಹೇಬರಿದ್ದರು. ಅವರು ಬಂದದ್ದೇ ಆ ಗಿಡವನ್ನು ನೋಡಲಿಕ್ಕೆ.

ದೊಡ್ಡ ಮನುಷ್ಯರು. ಸ್ನಾನ ಮಾಡಿ, ಮಲ್ಲಾರಿಯದೇ ಅಂಗಿ ತೊಟ್ಟು, ಮೇಲೆ ಬಂದು ಗಿಡ ನೋಡಿದರು. ಅದು ಕ್ರೇಪ್ ಮಿರ್ಟಲ್. ಸುಕ್ಕುಸುಕ್ಕಾದ ಗುಲಾಬಿ ಹೂ ಬಿಡುವ ಜಾತಿ, ಅಗಲ ಕುಂಡದಲ್ಲಿ ಗೇಣುದ್ದ ಕುಳ್ಳಗೆ ಬೆಳೆಸಿದ್ದು.

"ಬುಡಾ ಛಲೋ ಐತಿ," ಎಂದರು ಕಾಕಾಸಾಹೇಬರು. "ಹೋಳಿ ಹುಣ್ಣಿವಿ ಒಳಗ ಎಲ್ಲಾ ಟೊಂಗಿ ಕತ್ತರಸ್ರಿ, ದಯಾ ದಾಕ್ಷಿಣ್ಯ ಬ್ಯಾಡ. ಹೊಸಾ ಚಿಗರಿನ ತುದಿಗೇ ಹೂವು. ಶ್ರಾವಣದಾಗ ಪ್ರದರ್ಶನಕ್ಕ ತಗೊಂಡ ಬರ್ರಿ. ಮ್ಯಾಲಿಂದ ಸುರಿಬ್ಯಾಡ್ರಿ ಮತ್ತ."

ಮಲ್ಲಾರಿಗೆ ಆನಂದಕ್ಕೂ ನಾಚಿಕೆಗೂ ಒಟ್ಟಿಗೇ ಬೆವರು ಬಂತು. ಅವನು ಲೇತ್ ಮೇಲೆ ಪವರ್‌ಲೂಮಿನ ಬಿಡಿಭಾಗ ತಿರುವುವವನು. ಸಂಘದಲ್ಲಿ ಉಳಿದವರೆಲ್ಲ ಡಾಕ್ಟರು, ವಕೀಲರು, ಸಕ್ಕರೆ ಕಾರ್ಖಾನೆಯ ಡೈರೆಕ್ಟರುಗಳು. ಅವನ ಕೈಯಲ್ಲಿ ಈಗಾಗಲೇ ಮೂರು ಬೋನ್ಸಾಯ್‌ಗಳು ಸ್ವರ್ಗಸ್ಥವಾಗಿದ್ದವು. ಸಂಘದವರು ಅವನ ಮಾಳಿಗೆಯನ್ನು ಸ್ಮಶಾನವೆಂದೇ ಕರೆಯುತ್ತಿದ್ದರು. ಒಂದು ಗಿಡ, ಒಂದೇ ಒಂದು, ಅವರ ಮೇಜಿನ ಮೇಲೆ ಹೂ ಬಿಟ್ಟು ನಿಲ್ಲಬೇಕು. ಅವನಿಗೆ ಬೇಕಿದ್ದದ್ದು ಇಷ್ಟೇ.

ಕಾಕಾಸಾಹೇಬರು ಬೀದಿ ತಿರುಗುವ ಮೊದಲೇ ಕತ್ತರಿ ಹಿಡಿದ.

"ಮಾಲಕರ, ಕತ್ತರಿ ಹಿಂದ ಸರಸ್ರಿ," ಎಂದಿತು ಮೆಟ್ಟಿಲ ಮೇಲಿನ ಕಂಬಳಿ. "ಅದು ದೇವರಿಗೆ ಬಿಟ್ಟದ್ದು."

ಕಂಬಳಿಯ ಒಳಗಿದ್ದವನು ವರ್ಕ್‌ಶಾಪಿನ ಪಹರೆಯ ಹಾಲಸಿದ್ದ. ಅಕಿವಾಟದ ಕುರಿಗಾರರ ಮನೆಯವನು. ಅವನವ್ವ ಕೋವಾಡದ ದಾರಿಯಲ್ಲಿ ಅವನನ್ನು ಹಡೆದು, ಮರುದಿನವೇ ಕುದುರೆಯ ಮೇಲೆ ಕೂತು ಹಿಂಡನ್ನು ಸೇರಿಕೊಂಡಳಂತೆ. ಅಂದಿನಿಂದ ಬೇಸಿಗೆಗೆ ಪಡುವಣ, ಮಳೆ ಹಿಡಿಯುವ ಮುಂಚೆ ಮೂಡಣ, ಹೀಗೆ ಕುರಿಯ ಬಾಲ ನೋಡಿಕೊಂಡೇ ಅರ್ಧ ಆಯುಷ್ಯ ನಡೆದವನು. ಶಿರೋಳದ ಕಡೆಯ ಬಯಲೆಲ್ಲ ಕಬ್ಬಾದ ಮೇಲೆ ಕುರಿಗೆ ಬಾಯಿ ಇಡಲು ಜಾಗ ಉಳಿಯಲಿಲ್ಲ. ಹಿಂಡು ಮಾರಿ ಇಚಲಕರಂಜಿಗೆ ಬಂದ. ಹೆಂಡತಿ ಚೆನ್ನವ್ವ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸ ಹಿಡಿದಳು, ಇವನು ಮಲ್ಲಾರಿಯ ಬಾಗಿಲು ಹಿಡಿದ. ಕುರಿ ಹೋಯಿತು, ಕುರಿ ಕಾಯುವ ಬುದ್ಧಿ ಹೋಗಲಿಲ್ಲ. ಸಂಜೆ ಕೆಲಸಗಾರರು ಹೊರಬೀಳುವಾಗ ಬಾಗಿಲಲ್ಲಿ ನಿಂತು ನಾಲಿಗೆಯಿಂದ "ಟ್ರುರ್ರ್" ಎನ್ನುತ್ತ ತಲೆ ಎಣಿಸುತ್ತಿದ್ದ. ಒಂದು ಕಡಿಮೆ ಬಿದ್ದರೆ ಸಂಡಾಸಿನವರೆಗೂ ಹುಡುಕಿಕೊಂಡು ಹೋಗುತ್ತಿದ್ದ.

ಗಿಡ ದೇವರ ಪಾಲಾದದ್ದು ಚಳಿಗಾಲದಲ್ಲಿ. ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಿತ್ತು. ನಾಲ್ಕನೆಯದೂ ಸತ್ತಿತೆಂದು ಮಲ್ಲಾರಿ ಅಳುವುದೊಂದು ಬಾಕಿ. ತಂಗಿಯ ಮಗಳ ಮದುವೆಗೆ ಗಡಹಿಂಗ್ಲಜಕ್ಕೆ ಹೊರಟವನು, "ಮಾಮಾ, ಏನರ ಮಾಡಿ ಉಳಸೋ," ಎಂದು ಹಾಲಸಿದ್ದನಿಗೆ ಹೇಳಿ ಹೋಗಿಬಿಟ್ಟ. ಸಾಯುವ ಕುರಿಗೆ ಏನು ಮಾಡಬೇಕೆಂಬುದು ಹಾಲಸಿದ್ದನಿಗೆ ಗೊತ್ತಿತ್ತು. ಬುಡಕ್ಕೆ ಭಂಡಾರದ ಅರಿಸಿನ ಹಚ್ಚಿ, ಕರಿ ಉಣ್ಣೆಯ ಎಳೆ ಕಟ್ಟಿ, "ಬೀರಪ್ಪಾ, ಬದುಕಿದರ ನಿನಗ ಬಿಟ್ಟೆ," ಎಂದ. ಹಾಗೆ ಬಿಟ್ಟ ಕುರಿಗೆ ಮುಂದೆ ಕತ್ತರಿ ತಾಗಿಸುವಂತಿಲ್ಲ. ಶಿವರಾತ್ರಿಯ ಹೊತ್ತಿಗೆ ಗಿಡ ಚಿಗುರಿತು. ಹಿಗ್ಗಿದ ಮಲ್ಲಾರಿ ಬೀದಿಗೆಲ್ಲ ಪೇಡೆ ಹಂಚಿದ್ದ.

"ಅದು ಕುರಿ ಅಲ್ಲೋ ಮಾಮಾ, ಗಿಡಾ!"

"ದೇವರ ಮುಂದ ಗಿಡಾ ಅಂತನ ಹೇಳೇನ್ರಿ. ಮೋಸಾ ಮಾಡಿಲ್ಲ."

"ಥಂಡ್ಯಾಗ ಎಲಿ ಉದರಸೂದು ಇದರ ಜಾತಿ ಗುಣಾ ಅಂತ! ಈಗರ ಹೇಳಿ ಹೋದ್ರು ಕಾಕಾಸಾಹೇಬರು. ಸತ್ತೇ ಇರಲಿಲ್ಲ ಅದು!"

"ಹೌದ್ರಿ. ಉದರಿಸಿದವ ಯಾರು, ಚಿಗರಿಸಿದವ ಯಾರು?"

"ತುದಿ ಅಷ್ಟ ತಗೀತೇನಿ."

"ದೇವರ ಕುರಿದು ಬಾಲ ಅಷ್ಟ ತಗೀತೇನಿ ಅಂದ್ರ ನಡೀತೈತೇನ್ರಿ?"

ಅಡುಗೆಮನೆಯಿಂದ ಮಲ್ಲಾರಿಯ ಹೆಂಡತಿ ತಾರವ್ವನ ದನಿ ಬಂತು: "ಹಾಕ್ರಿ ಕತ್ತರಿ, ಹಾಕ್ರಿ! ನಾಳಿ ಲೇತಿನ್ಯಾಗ ಬೆರಳ ಹೋತು ಅಂತ ನನ್ನ ಮುಂದ ಬರಬ್ಯಾಡ್ರಿ."

ಮಲ್ಲಾರಿ ಇಂಥದ್ದನ್ನೆಲ್ಲ ನಂಬುವವನಲ್ಲ. ಅಮಾವಾಸ್ಯೆಗೆ ಅವನು ಲೇತ್ ಚಾಲೂ ಮಾಡದಿರುವುದು ಯಂತ್ರಕ್ಕೆ ವಿಶ್ರಾಂತಿ ಇರಲಿ ಎಂದು ಮಾತ್ರ. ಆದರೂ ಬೆರಳು ಎಂದ ಕೂಡಲೇ ಕತ್ತರಿ ತಾನೇ ಕಪಾಟು ಸೇರಿತು.

ಗಿಡ ದೇವರ ಬಲದಿಂದ ಬೆಳೆಯಿತು. ಟೊಂಗೆಗಳು ಕಟಕಟೆ ದಾಟಿ ಪಕ್ಕದ ಮನೆಯ ಹಪ್ಪಳದ ಮೇಲೆ ನೆರಳು ಚೆಲ್ಲಿದವು. ಬೋನ್ಸಾಯ್ ಹೋಗಿ ಕಸಬರಿಗೆಯಾಯಿತು. ಹೋಳಿಗೆ ಎರಡೇ ದಿನ ಉಳಿದಾಗ ಮಲ್ಲಾರಿ ಊಟ ಬಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತ.

"ಬದಲಿ ಕೊಡಾಕ ಬರ್ತೈತ್ರಿ," ಎಂದ ಹಾಲಸಿದ್ದ, ತಂಬಾಕು ತಿಕ್ಕುತ್ತ. "ಒಂದ ಕುರಿ ಬಿಡಿಸ್ಕೊಂಡು ಇನ್ನೊಂದ ಬಿಡೂದು."

"ಇಷ್ಟ ದಿನಾ ಯಾಕ ಹೇಳಲಿಲ್ಲೋ?"

"ನೀವ ಕೇಳಲಿಲ್ರಿ."

ಮಲ್ಲಾರಿ ಹಲ್ಲು ಕಡಿದ. "ಬದಲಿ ಏನ ಬಿಡಬೇಕು? ನನ್ನ ಹಂತೇಲಿ ಎಲ್ಲಿ ಕುರಿ?"

"ಬೆಳಿಯೂದಿರಬೇಕು, ಕತ್ತರಿ ಬೀಳೂದಿರಬೇಕು. ಅಷ್ಟ," ಎಂದು ಹಾಲಸಿದ್ದ ಮಾಲಕನ ತಲೆಯನ್ನೂ ನುಣ್ಣಗಿನ ಗಲ್ಲವನ್ನೂ ಸಂತೆಯಲ್ಲಿ ಮರಿ ನೋಡುವಂತೆ ನೋಡಿದ. "ಪ್ರದರ್ಶನ ಮುಗಿಯೂ ಮಟಾ ಸಾಕ್ರಿ."

ಹೀಗೆ ಗಿಡಕ್ಕೆ ಕತ್ತರಿ ಬಿತ್ತು, ಮಲ್ಲಾರಿಯ ತಲೆಗೂ ಗಡ್ಡಕ್ಕೂ ತಪ್ಪಿತು. ಅವನು ಟೊಂಗೆ ಕತ್ತರಿಸಿದ, ತಂತಿ ಸುತ್ತಿ ಬಾಗಿಸಿದ, ಚಿಗುರು ಚಿವುಟಿದ; ಬಿಸಿಲಿನ ದಿನ ಎರಡು ಹೊತ್ತು ನೀರು ಹಾಕಿದ, ಕೆಳಗೆ ಬಗ್ಗಿ ನೋಡಿಯೇ. ಗಿಡ ದಿನದಿನಕ್ಕೆ ನೀಟಾಯಿತು, ಅವನು ದಿನದಿನಕ್ಕೆ ಕಾಡಾದ. ಗಡ್ಡ ಎದೆಗಿಳಿಯಿತು. ಗಿರಾಕಿಗಳು ಮನೆಯಲ್ಲಿ ಯಾರು ತೀರಿಕೊಂಡರೆಂದು ಮೆಲ್ಲಗೆ ವಿಚಾರಿಸಿದರು. ತಾರವ್ವ, "ಗಿಡಾ ಒಳಗ ತರ್ರಿ, ನೀವು ಮಾಳಿಗಿ ಮ್ಯಾಲ ಇರ್ರಿ," ಎಂದಳು.

ಶ್ರಾವಣದಲ್ಲಿ ಗಿಡದ ತುದಿತುದಿಗೂ ಗುಲಾಬಿ ಗೊಂಚಲು. ಹಾಲಸಿದ್ದ ಅದನ್ನು ಕಂಬಳಿಯಲ್ಲಿ ಮರೆಮಾಡಿ, ಮರಿಯಂತೆ ಎತ್ತಿಕೊಂಡು ಎಸ್ಟಿ ಬಸ್ಸಿನಲ್ಲಿ ಕೊಲ್ಲಾಪುರ ಮುಟ್ಟಿಸಿದ. ಅದನ್ನು ಒಳಗೆ ಬಿಟ್ಟ ಸ್ವಯಂಸೇವಕ ಮಲ್ಲಾರಿಗೆ ಮಾತ್ರ, ಯಾರೋ ಸಾಧುವೆಂದು ತಿಳಿದು ಕೈಮುಗಿದು, "ಬುವಾ, ತುಮ್ಹೀ ತಿಕಡೇ ಬಸಾ," ಎಂದು ಹೊರಗಿನ ಕಟ್ಟೆ ತೋರಿಸಿದ. ಒಬ್ಬ ಮುದುಕಿ ಕಾಲಿಗೂ ಬಿದ್ದಳು. ಮಲ್ಲಾರಿ ಆಶೀರ್ವಾದ ಮಾಡಿ, ಕಿಟಕಿಯಿಂದ ಇಣುಕಿದ. ಮೇಜಿನ ಮೇಲೆ, ಒಬ್ಬ ಡಾಕ್ಟರರ ಅರಳಿ ಗಿಡದ ಪಕ್ಕ, ತನ್ನ ಗಿಡ! ಕಾಕಾಸಾಹೇಬರು ಬಗ್ಗಿ ಅದನ್ನೇ ನೋಡುತ್ತಿದ್ದರು. ಅವನ ಕಣ್ಣು ಹನಿಗೂಡಿದವು. ಹನಿ ಗಡ್ಡದೊಳಗೆ ಇಳಿದದ್ದರಿಂದ ಯಾರಿಗೂ ಕಾಣಲಿಲ್ಲ.

ಬಹುಮಾನ ಅರಳಿ ಗಿಡಕ್ಕೆ ಹೋಯಿತು. ಹೋಗಲಿ. ಪ್ರದರ್ಶನ ಮುಗಿದು ಹೊರಬಿದ್ದಾಗ ಮಳೆ ಹೊಯ್ಯುತ್ತಿತ್ತು, ಗಡ್ಡದಿಂದ ನೀರು ಇಳಿಯುತ್ತಿತ್ತು, ಎದುರಿಗೇ ಒಂದು ಕ್ಷೌರದಂಗಡಿ ದೀಪ ಹಚ್ಚಿಕೊಂಡು ಕೂತಿತ್ತು.

"ಮಾಮಾ," ಎಂದ ಮಲ್ಲಾರಿ, ಗಡ್ಡ ಹಿಂಡುತ್ತ, "ಎಲ್ಲಾ ಮುಗೀತಲ್ಲೋ. ಇನ್ನರ ಕತ್ತರಿ ಹಾಕಿಸ್ಲೇನು?"

ಹಾಲಸಿದ್ದ ಗಿಡವನ್ನು ಬಗಲಿಗೆ ಸರಿಸಿ, ಮಾಲಕನ ಕೂದಲನ್ನು ಎರಡು ಬೆರಳಿನಿಂದ ಬಿಡಿಸಿ ಬುಡದವರೆಗೆ ನೋಡಿದ.

"ಮಳಿ ಹೋಗ್ಲಿ ತಡೀರಿ. ಈಗ ಕತ್ತರಿಸಿದ್ರ ಥಂಡಿ ಹತ್ತಿ ಸಾಯ್ತಾವ."