ನೀರಗಂಟಿ ಚಿಕ್ಕಮುನಿಯಮ್ಮನ ಇಪ್ಪತ್ತು ಗುಂಟೆ

ಚಿಕ್ಕಮುನಿಯಮ್ಮನನ್ನು ನಾನು ಮೊದಲು ಕಬ್ಬಿಣ ಕದಿಯುವವಳು ಎಂದುಕೊಂಡಿದ್ದೆ. ಅತ್ತಿಬೆಲೆ ದಾರಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಕೆರೆ ಏರಿ ಪೂರ್ತಿ ಕಾಣುತ್ತದೆ. ಜೋರು ಮಳೆಯಾದ ಮರುದಿನ ಬೆಳಿಗ್ಗೆ, ಎಪ್ಪತ್ತು ದಾಟಿದ ಈ ಹೆಂಗಸು ಹಾರೆ ಹಿಡಿದು ಬಂದು ತೂಬಿನ ಕಬ್ಬಿಣದ ಬಾಗಿಲನ್ನು ಮೀಟುತ್ತಿದ್ದರು. ನಾನು ಆಗ ನಿವಾಸಿಗಳ ಸಂಘದ ಕಾರ್ಯದರ್ಶಿ. ಅವಿರೋಧ ಆಯ್ಕೆ, ಬೇರೆ ಯಾರೂ ನಿಂತಿರಲಿಲ್ಲ. ‘ಸರ್ಕಾರಿ ಸ್ವತ್ತಿಗೆ ಅಪರಿಚಿತ ಮಹಿಳೆಯಿಂದ ಹಾನಿ’ ಎಂದು ಫೋಟೋ ಸಮೇತ ತಾಲ್ಲೂಕು ಕಚೇರಿಗೆ ದೂರು ಬರೆದೆ. ಮೊಹರನ್ನು ಎರಡು ಸಲ ಒತ್ತಿದೆ.

ಆಮೇಲೊಂದು ದಿನ ಏರಿಯ ಮೇಲೆ ಅವರೇ ಮಾತಾಡಿಸಿದರು. ಅವರ ಗಂಡನ ಮನೆಯವರು ತಲೆತಲಾಂತರದಿಂದ ಈ ಕೆರೆಯ ನೀರಗಂಟಿಗಳಂತೆ. ತೂಬು ತೆಗೆದು ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವುದು, ಮಳೆಗಾಲದಲ್ಲಿ ಕೆರೆ ಉಕ್ಕದಂತೆ ತೂಬೆತ್ತಿ ಏರಿ ಕಾಯುವುದು, ಏಡಿ ಕೊರೆದ ತೂತು ಮುಚ್ಚುವುದು ಅವರ ಕೆಲಸ. ಅದಕ್ಕೆ ಸಂಬಳವಿಲ್ಲ. ಬದಲಿಗೆ ಏರಿಯ ಕೆಳಗೆ ಇಪ್ಪತ್ತು ಗುಂಟೆ ಇನಾಂ ಜಮೀನು. ಕೆಲಸ ಮಾಡುವಷ್ಟು ಕಾಲ ಬೆಳೆದು ಉಣ್ಣಬಹುದು, ಮಾರುವಂತಿಲ್ಲ. ಕೆಳಗಿನ ಗದ್ದೆಗಳೆಲ್ಲ ಕಾರ್ಖಾನೆಗಳಾದವು, ಕೆರೆಯಲ್ಲಿ ನೊರೆ ಎದ್ದಿತು. ಇವರು ಮಾತ್ರ ತೂಬಿನ ಕೆಲಸ ಬಿಡಲಿಲ್ಲ. ಕೆಲಸ ತಪ್ಪಿದರೆ ಜಮೀನು ತಪ್ಪುತ್ತದೆಂಬ ಭಯ.

ಕಾಗದದ ಮೇಲೆ ಎರಡೂ ತಪ್ಪಿ ಎಷ್ಟೋ ಕಾಲವಾಗಿತ್ತು. ಇಂಥ ಊರ ಹುದ್ದೆಗಳನ್ನು ಸರ್ಕಾರ ಹಿಂದೆಯೇ ರದ್ದು ಮಾಡಿ, ಅರ್ಜಿ ಹಾಕಿದವರ ಹೆಸರಿಗೆ ಜಮೀನನ್ನು ಮತ್ತೆ ಬರೆದುಕೊಟ್ಟಿತ್ತು. ಇವರ ಮಾವ ಅರ್ಜಿ ಹಾಕಲೇ ಇಲ್ಲ.

“ಕೆಲ್ಸಾನೇ ಬಿಟ್ಟಿಲ್ಲ, ಅರ್ಜಿ ಯಾಕ್ ಆಕ್ಬೇಕು ಅಂದ್ರಂತೆ ಸಾ,” ಎಂದರು ಚಿಕ್ಕಮುನಿಯಮ್ಮ. ಅವರಿಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಅಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಎರಡನೇ ಗೇಟು ಬೇಕಾಯಿತು. ಅದಕ್ಕೆ ರಸ್ತೆ ಹಾಯಬೇಕಾದದ್ದು ಆ ಇಪ್ಪತ್ತು ಗುಂಟೆಯ ಮೇಲೆಯೇ. ಸಂಘದ ಸಭೆಯಲ್ಲಿ ಲಖನೌ ಕಡೆಯವರೊಬ್ಬರು, ತಮ್ಮ ಹಿಂದಿಯಲ್ಲಿ ಇನಾಂ ಎಂದರೆ ಬಹುಮಾನ ಎಂದು ವಿವರಿಸಿದರು. ಅಧ್ಯಕ್ಷ ಭಾನುಪ್ರಕಾಶ್, ಹಾಗಾದರೆ ಪುಕ್ಕಟೆ ಬಂದದ್ದು, ಪುಕ್ಕಟೆ ಹೋಗಲಿ ಎಂದು ಮುಗಿಸಿದರು. ಹಿಂದೆಂದೋ ಸರ್ಕಾರಿ ಬಸ್ಸಿನಲ್ಲಿ ಓಡಾಡಿದ್ದನ್ನೇ ದೇಶಸೇವೆ ಎಂದು ಹೇಳಿಕೊಳ್ಳುವ ಮನುಷ್ಯ.

ಅಧ್ಯಕ್ಷರು ಅರ್ಜಿ ಕೊಟ್ಟ ಮೇಲೆ, ಜಮೀನು ಯಾಕೆ ವಾಪಸ್ ಪಡೆಯಬಾರದು ಎಂದು ಚಿಕ್ಕಮುನಿಯಮ್ಮನಿಗೆ ತಾಲ್ಲೂಕು ಕಚೇರಿಯಿಂದ ನೋಟೀಸು ಬಂತು. ನನಗೆ ಆವೇಶ ಬಂತು. ಇವರು ಈಗಲೂ ಕೆಲಸ ಮಾಡುತ್ತಿದ್ದಾರೆಂಬುದಕ್ಕೆ ನನ್ನ ಫೋಟೋನೇ ಸಾಕ್ಷಿ, ನಾನೇ ಬಂದು ಹೇಳುತ್ತೇನೆ ಎಂದೆ. ವಿಚಾರಣೆಯ ದಿನ ಇಸ್ತ್ರಿ ಮಾಡಿದ ಷರಟು ಹಾಕಿ, ಅವರನ್ನು ನನ್ನ ಕಾರಿನಲ್ಲೇ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಕಾನೂನು ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

ಅಧಿಕಾರಿ ಶಶಿಕುಮಾರ್ ನನ್ನ ಭಾಷಣವನ್ನು ತಾಳ್ಮೆಯಿಂದ ಕೇಳಿದರು. ಇಲ್ಲದ ಹುದ್ದೆಯ ಕೆಲಸವನ್ನು ಯಾರಿಂದಲೂ ಮಾಡಲಾಗದು ಎಂದರು. ಅನುಮತಿ ಇಲ್ಲದೆ ತೂಬು ಮುಟ್ಟುವುದು ಅಪರಾಧ, ಆ ಬಗ್ಗೆ ದೂರೂ ಬಂದಿದೆ ಎಂದು ಕಡತದಿಂದ ಒಂದು ಹಾಳೆ ತೆಗೆದರು. ಎರಡೆರಡು ಮೊಹರು.

“ಸಹಿ ನಿಮ್ದೇ ಅಲ್ವಾ ಸಾರ್?”

ನನ್ನದೇ ಎಂದೆ. ಚಿಕ್ಕಮುನಿಯಮ್ಮ ನನ್ನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ತೆನೆ ಬಂದಿರುವ ರಾಗಿಯನ್ನಾದರೂ ಕೊಯ್ದುಕೊಳ್ಳಬಹುದೇ ಎಂದು ಕೇಳಿದರು. ಹದಿನೈದು ದಿನ ಕೊಟ್ಟರು. ವಾಪಸ್ ಬರುವಾಗ ಅವರು ಬಸ್ಸಿನಲ್ಲಿ ಬಂದರು.

ಗೇಟು ಆಯಿತು, ರಿಬ್ಬನ್ ಕತ್ತರಿಸಿದ್ದೂ ಆಯಿತು. ಮುಂದಿನ ಮುಂಗಾರಿನಲ್ಲಿ ಮೂರು ದಿನ ಬಿಡದೆ ಸುರಿಯಿತು. ಕೆರೆ ತುಂಬಿ ಕೋಡಿ ಬಿದ್ದು, ನೀರೆಲ್ಲ ನಮ್ಮ ನೆಲಮಾಳಿಗೆಗೆ ನುಗ್ಗಿತು. ಭಾನುಪ್ರಕಾಶರ ಹೊಸ ಕಾರು ತೇಲಿತು. ಆಯಮ್ಮನ ಪರಿಚಯ ನಿಮಗಿದೆಯಲ್ಲ ಎಂದು ಅವರು ಪ್ಯಾಂಟು ಮಡಚಿಕೊಂಡೇ ನನ್ನನ್ನು ಊರೊಳಗೆ ಅಟ್ಟಿದರು.

ಚಿಕ್ಕಮುನಿಯಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಕೂರಿ ಎನ್ನಲಿಲ್ಲ.

“ಯಾಕಮ್ಮ, ಈ ಸಲ ನೀವು ತೂಬು ತೆಗೀಲೇ ಇಲ್ವಲ್ಲ?” ಎಂದೆ.

ಅವರು ಮೊರದಿಂದ ತಲೆ ಎತ್ತಲಿಲ್ಲ.

“ಜಮೀನ್ ತಗಂಡೋರು ತೆಗೀಬೇಕು ಸಾ.”