ನೀರು ಕುಡಿಯದ ದಾರ

ಸಿಂಧನೂರು ಬಸ್ ನಿಲ್ದಾಣದ ಎದುರಿಗೆ ಬಲೆ, ಹಗ್ಗ, ತಾಡಪಾಲು ಮಾರುವ ಅಂಗಡಿಯೊಂದಿದೆ. ಹೋದ ತಿಂಗಳು ಒಂದು ದಿನ ಅದರ ಕಟ್ಟೆಯ ಮುಂದೆ ನಾನು ಖಾಕಿ ಬಟ್ಟೆಯಲ್ಲೇ, ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದೆ. ಕಟ್ಟೆಯ ಮೇಲೆ ಗಾಳದ ದಾರದ ಮೂರು ಉಂಡೆಗಳು, ನನ್ನ ಹೊಟ್ಟೆಯೊಳಗೆ ಬೆಂಕಿ. ದಾರ ಕೊಳ್ಳಲು ಹೋದವಳಿಗೆ ಬೆಂಕಿ ಯಾಕೆ ಎಂದು ನೀವು ಕೇಳಬಹುದು. ಸ್ವಲ್ಪ ತಡೆಯಿರಿ, ಹೇಳುತ್ತೇನೆ. ಈಗಲೇ ಹೇಳಿದರೆ ನೀವೂ ನನ್ನ ಜೊತೆ ಕೂಗಾಡಲು ಶುರು ಮಾಡುತ್ತೀರಿ.

ನಾನು ಬಸ್ ಕಂಡಕ್ಟರ್. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಸಿಟ್ಟು ನನ್ನ ಕೆಲಸದ ಒಂದು ಭಾಗ. ಬಾಗಿಲಿಗೆ ಜೋತುಬಿದ್ದವರನ್ನು ಒಳಗೆ ದಬ್ಬಬೇಕು, ಇಬ್ಬರ ಸೀಟಿನಲ್ಲಿ ಕಾಲು ಚಾಚಿದವರನ್ನು ಎಬ್ಬಿಸಬೇಕು. ಹೀಗೆ ದನಿ ಏರಿಸಿ ಏರಿಸಿ ಈಗ ಮನೆಯಲ್ಲಿ ಉಪ್ಪು ಕೇಳಿದರೂ ನಮ್ಮನೆಯವರು ಬೆಚ್ಚಿಬೀಳುತ್ತಾರೆ. ಹಟ್ಟಿಯ ಚಿನ್ನದ ಗಣಿಯೊಳಗೆ ಪಾಳಿ ಮಾಡುವ ಮನುಷ್ಯ ಅವರು. ನೆಲದಡಿಯ ಸಿಡಿಮದ್ದಿಗೆ ಅಂಜದವರು ನನ್ನ ಉಪ್ಪಿಗೆ ಅಂಜುತ್ತಾರೆ. ಆದರೆ ಅದು ಡ್ಯೂಟಿಯ ಸಿಟ್ಟು, ಡಿಪೋದಲ್ಲಿ ಚೀಲದ ಜೊತೆ ಇಳಿಸಿ ಬರುವಂಥದ್ದು. ಈ ಅಂಗಡಿಯ ಮುಂದೆ ನಿಂತಾಗ ಇದ್ದದ್ದು ಹಳೆಯ ಸಿಟ್ಟು.

ಅದನ್ನು ಕೆದಕಿದ್ದು ನಮ್ಮ ಭಾವ, ಅಂದರೆ ನಮ್ಮನೆಯವರ ಅಣ್ಣ. ಮಾಸ್ತರಿಕೆಯಿಂದ ನಿವೃತ್ತರಾಗಿ ಮಸ್ಕಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಆವತ್ತು ಬೆಳಿಗ್ಗೆ ಫೋನಿನಲ್ಲಿ ಅವರ ದನಿಯ ಮೆಸೇಜು ಬಂದು ಬಿದ್ದಿತ್ತು. "ಏನಮ್ಮಾ, ನೀ ಹೆಂಗೂ ದಿನಾ ಸಿಂಧನೂರಿಗೆ ಹೋಗ್ತಿ. ನನ್ನ ಗಾಳಕ್ಕ ಒಂದು ತೇಲೋ ದಾರ ತಗೊಂಡು ಬಾ. ನಂದು ಮುಳುಗಾಕತ್ತೈತಿ, ಬೆಂಡು ನೆಟ್ಟಗ ಹೋಗವಲ್ದು. ಅವ್ವ ಎಂಥಾ ದಾರ ಹಾಕತಿದ್ದಳು, ನಿನಗ ನೆನಪೈತೇನು?"

ಕಡೆಯ ಮಾತು ಕೇಳಿದ ಸಿಟ್ಟಿನಲ್ಲಿ ಮಸ್ಕಿಗೆ ಹೊರಟಿದ್ದ ಮುದುಕರೊಬ್ಬರಿಗೆ ಲಿಂಗಸುಗೂರಿನ ಟಿಕೆಟ್ ಹರಿದುಕೊಟ್ಟೆ. ಅವ್ವ, ಅಂದರೆ ನನ್ನ ಅತ್ತೆ, ಅದೇ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾರೆ. ಎದ್ದು ಹೋಗಿ ಕೇಳಲು ಮಗನಿಗೆ ಬಾಯಿಲ್ಲ. ನನ್ನನ್ನು ಕೇಳುತ್ತಾರೆ, ನೆನಪಿದೆಯಾ ಎಂದು. ನೆನಪಿಲ್ಲದೆ ಏನು!

ಮದುವೆಯಾಗಿ ನಾನು ಬಂದದ್ದು ಜವಳಗೇರಾ ಕಡೆಯ ಒಂದು ಕಾಲುವೆ ಊರಿಗೆ. ಹಟ್ಟಿಯ ಕಂಪನಿ ಮನೆಗಳಲ್ಲಿ ನಲ್ಲಿ ನೀರು ನೋಡಿ ಬೆಳೆದವಳಿಗೆ ಹರಿಯುವ ನೀರೆಂದರೇ ಬೆರಗು. ನಮ್ಮ ಅತ್ತೆ ಹುಲಿಗೆಮ್ಮ ಬೆಳಗಿನಿಂದ ಮಧ್ಯಾಹ್ನದವರೆಗೆ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದರು. ಮನೆಗೆ ಬಂದು ಉಂಡು, ಬಾಗಿಲ ಹಿಂದೆ ಇಟ್ಟ ಗಾಳದ ಬಿದಿರಿನ ಗಳ ತೆಗೆದುಕೊಂಡು ಕಾಲುವೆಗೆ ಹೋಗುತ್ತಿದ್ದರು. ಮನೆಯಲ್ಲಿ ಅವರು ಕುಳಿತದ್ದನ್ನು ನಾನು ಕಂಡವಳಲ್ಲ. ಉಣ್ಣುವಾಗಲೂ ಒಂದು ಕಾಲು ಮಡಚಿ, ಇನ್ನೊಂದನ್ನು ಏಳಲು ತಯಾರಿಟ್ಟಿರುತ್ತಿದ್ದರು. ಕಾಲುವೆಯ ದಂಡೆಯಲ್ಲಿ ಮಾತ್ರ ಎರಡೂ ಕಾಲು ಚಾಚಿ ಕೂರುತ್ತಿದ್ದರು.

ಅವರ ದಾರ ಅಂಗಡಿಯದಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲದಿಂದ ಎಳೆ ಬಿಚ್ಚಿ, ತೊಡೆಯ ಮೇಲೆ ಇಟ್ಟು ಅಂಗೈಯಿಂದ ಹೊಸೆದು, ಮೇಣದ ಬತ್ತಿ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದು. ನೀರಿನ ಮೇಲೆ ತೇಲುವ ಬೆಂಡು ಎಂದರೆ ಹರಿದ ಹವಾಯಿ ಚಪ್ಪಲಿಯ ಒಂದು ತುಂಡು. ಬೆಂಡಿನ ಕೆಳಗೆ ಮಾತ್ರ ಸಣ್ಣ ನೈಲಾನ್ ಎಳೆ, ಅದರ ತುದಿಗೆ ಗಾಳ. ಗಾಳದ ಕುತ್ತಿಗೆಗೆ ಒಂದು ಸೀಸದ ಕಾಳು ಕಚ್ಚಿಸಿ ಹುಂಜದ ಕೆಂಪು ಪುಕ್ಕ ಸುತ್ತುತ್ತಿದ್ದರು. ಎರೆಹುಳ ಸಿಗದ ಬೇಸಿಗೆಯಲ್ಲಿ ಆ ಪುಕ್ಕವೇ ನೀರಿನಲ್ಲಿ ಕುಣಿದು ಮೀನನ್ನು ಕರೆಯುತ್ತಿತ್ತು. ನಮ್ಮ ಹುಂಜ ಬಾಲ ಬೋಳಾಗಿ ಓಣಿಯಲ್ಲಿ ತಲೆ ತಗ್ಗಿಸಿ ತಿರುಗುತ್ತಿತ್ತು.

ಅಂಗಡಿಯಲ್ಲಿ ಚಂದದ ದಾರ ಸಿಗುವಾಗ ಈ ಚೀಲದ ಸಹವಾಸ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಗಾಳದ ದಾರ ನೀರು ಕುಡೀಬಾರದ್ಬೇ. ಕುಡೀತಂದ್ರ ಮುಳುಗ್ತೈತಿ. ಮುಳುಗಿದ ದಾರನ್ನ ನೀರು ಎಳೀತೈತಿ, ದಾರ ಬೆಂಡನ್ನ ಎಳೀತೈತಿ. ಮೀನಿಗೇನು ಕಣ್ಣಿಲ್ಲೇನು? ಎಲ್ಲಾ ಕಸ ಒಂದು ಕಡಿ ಹೊಂಟಿದ್ರ ಈ ಹುಳ ಒಂದ ಯಾಕ ಅಡ್ಡ ಹೊಂಟೈತಿ ಅಂತ ನೋಡ್ತೈತಿ."

"ತೇಲಿದ್ರ?"

"ತೇಲಿದ್ರ ಹಿಂಗ," ಎಂದು ಗಳದ ತುದಿಯನ್ನು ಮೆಲ್ಲಗೆ ಎತ್ತಿ, ನೀರಿನ ಮೇಲೆ ಮಲಗಿದ್ದ ದಾರವನ್ನು ಹರಿವಿನ ಎದುರಿಗೆ ಮಗುಚಿ ಹಾಕಿದರು. ಬೆಂಡು ಅಲುಗಲಿಲ್ಲ. ತನ್ನ ಪಾಡಿಗೆ ತಾನು ನೀರಿನ ಜೊತೆ ಸಾಗಿತು. "ಬೆಂಡಿನ ಮ್ಯಾಲಿಂದು ತೇಲಬೇಕು, ಕೆಳಗಿಂದು ಮುಳುಗಬೇಕು. ಅಷ್ಟ ನೋಡು."

ಅವತ್ತಿನಿಂದ ನಾನೂ ಅವರ ಪಕ್ಕದಲ್ಲಿ ಕಾಲು ಚಾಚುವುದು ಕಲಿತೆ. ಅತ್ತೆ ಸೊಸೆ ಹೀಗೆ ಮಾತಿಲ್ಲದೆ ಒಂದು ಕಡೆ ಕೂರುವುದು ಓಣಿಯವರಿಗೆ ನಂಬಲಾಗದ ಸಂಗತಿಯಾಗಿತ್ತು. ಜಗಳ ಬೇರೆ ಎಲ್ಲೋ ನಡೆದಿದೆ, ಇಲ್ಲಿ ಬಂದು ಮುನಿಸಿಕೊಂಡು ಕೂತಿದ್ದಾರೆ ಎಂದುಕೊಳ್ಳುತ್ತಿದ್ದರು.

ಭಾವನಿಗೆ ಆಗಷ್ಟೇ ಮಾಸ್ತರಿಕೆ ಸಿಕ್ಕಿತ್ತು. ಒಂದು ಭಾನುವಾರ ಅವರ ಸಾಲೆಯ ಮಾಸ್ತರರು ಮೋಟರ್ ಸೈಕಲ್ಲುಗಳ ಮೇಲೆ ಊಟಕ್ಕೆ ಬಂದರು. ಕಾಲುವೆಯ ದಂಡೆಯಲ್ಲಿ ಗಾಳ ಹಿಡಿದು ಕೂತಿದ್ದ ಹೆಂಗಸನ್ನು ಕಂಡು ಗಾಡಿ ನಿಲ್ಲಿಸಿ, ಇಂಥ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದರು. ಅತ್ತೆ ನಕ್ಕು, "ನಾನ ಅವನ ಅವ್ವ. ನೀವು ನಡೀರಿ, ನಾ ಮೀನು ತಗೊಂಡು ಬರ್ತೀನಿ" ಎಂದರಂತೆ. ತಂದರು, ಅಡಿಗೆ ಮಾಡಿದರು. ಬಂದವರು ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು, ಸಾರು ಬಡಿಸಿಕೊಂಡು, ಬೆರಳು ನೆಕ್ಕಿ ಹೋದರು. ಹೋಗುವಾಗ ಒಬ್ಬರು, "ನಿಮ್ಮ ಅವ್ವ ಭಾರಿ ಬೇಟೆಗಾರ್ತಿ ಅದಾರ ಬಿಡ್ರಿ ಸರ್" ಎಂದು ನಕ್ಕರು. ಅವರು ಮೆಚ್ಚಿಯೇ ಅಂದದ್ದು ಎಂದು ನನಗೆ ಈಗಲೂ ಖಾತ್ರಿಯಿದೆ.

ಗಾಡಿಗಳ ಸದ್ದು ಅಡಗುವ ಮುಂಚೆಯೇ ಭಾವ ಬಾಗಿಲ ಹಿಂದಿನ ಗಳ ತೆಗೆದು ಮೊಣಕಾಲಿಗೆ ಹಚ್ಚಿ ಮುರಿದರು. ದಾರವನ್ನು ಉಂಡೆ ಮಾಡಿ ಒಲೆಯೊಳಗೆ ಎಸೆದರು. "ನಾಕು ಮಂದಿಯೊಳಗ ನಾ ಹ್ಯಾಂಗ ತಲಿ ಎತ್ತಿ ತಿರಗ್ಯಾಡ್ಲಿ? ಮಾಸ್ತರನ ಅವ್ವ ಕಾಲುವಿ ದಂಡಿಗೆ ಕುಂತು ಮೀನ ಹಿಡೀತಾಳಂತ! ಇನ್ನ ಈ ಗಾಳ ಈ ಮನಿಯೊಳಗ ಕಂಡ್ರ ನಾ ಊರ ಬಿಡ್ತೀನಿ!" ಆ ಮೀನಿನ ಸಾರು ಅವರ ಮೀಸೆಯ ಮೇಲೆ ಇನ್ನೂ ಒಣಗಿರಲಿಲ್ಲ.

ನಮ್ಮನೆಯವರು ತಮ್ಮ ಕಾಲ ಬೆರಳು ನೋಡುತ್ತಾ ನಿಂತಿದ್ದರು. ಅಣ್ಣನ ಮುಂದೆ ಅವರಿಗೆ ಯಾವತ್ತೂ ಕಾಲ ಬೆರಳೇ ಕಾಣುವುದು. ಹೊಸ ಸೊಸೆ ನಾನು, ಭಾವನ ಎದುರು ಬಾಯಿ ತೆರೆಯುವಂತಿರಲಿಲ್ಲ. ಒಲೆಯಿಂದ ಪ್ಲಾಸ್ಟಿಕ್ ಸುಡುವ ಕಪ್ಪು ಹೊಗೆ ಎದ್ದಿತು. ಅತ್ತೆ ಆ ಹೊಗೆಯಲ್ಲೇ ಕೂತು, ಉಳಿದ ಸಾರಿಗೆ ಸೌಟು ಆಡಿಸುತ್ತಿದ್ದರು. ಭಾವ ಹೊರಗೆ ಹೋದ ಮೇಲೆ ನಾನು ಬುಸುಗುಟ್ಟಿದೆ. "ನಿಮಗ ಸಿಟ್ಟು ಬರಂಗಿಲ್ಲೇನ್ರಿ ಅತ್ತಿ?"

"ಸಾರು ತಳ ಹತ್ತತೈತಿ, ಸರಿ ಅತ್ತಾಗ" ಎಂದರು. ಅಷ್ಟೇ. ಮರುದಿನ ಮಧ್ಯಾಹ್ನ ಉಂಡ ಮೇಲೆ ಬಾಗಿಲ ಹಿಂದೆ ಒಮ್ಮೆ ನೋಡಿ, ಕಸಬರಿಗೆ ತೆಗೆದುಕೊಂಡು ಅಂಗಳ ಗುಡಿಸಿದರು. ನನಗೆ ಭಾವನ ಮೇಲೆ ಎಷ್ಟು ಸಿಟ್ಟು ಬಂತೋ, ನಿಜ ಹೇಳುತ್ತೇನೆ, ಆ ಕಸಬರಿಗೆಯ ಮೇಲೂ ಅಷ್ಟೇ ಬಂತು. ಈ ಹೆಂಗಸಿಗೆ ಮೈಯಲ್ಲಿ ಒಂದು ಹನಿ ರೋಷವಿಲ್ಲವೇ ಎಂದು ವರ್ಷಗಟ್ಟಲೆ ಒಳಗೊಳಗೆ ಬೈದುಕೊಂಡಿದ್ದೇನೆ.

ಆಮೇಲೆ ನಾವು ಲಿಂಗಸುಗೂರಿಗೆ ಬಂದೆವು, ಭಾವ ಮಸ್ಕಿಗೆ ಹೋದರು. ಹಿರಿಯ ಮಗನ ಜೊತೆಗೇ ಇರಬೇಕೆಂದು ಅತ್ತೆಯನ್ನೂ ಅಲ್ಲಿಗೇ ಕರೆದುಕೊಂಡು ಹೋದರು. ನುಣ್ಣನೆಯ ಬಂಡೆ ಹಾಸಿದ ಪಡಸಾಲೆ, ಮೂಲೆಯಲ್ಲೊಂದು ಪ್ಲಾಸ್ಟಿಕ್ ಕುರ್ಚಿ. ಎಡಕ್ಕೆ ಟಿವಿ, ಬಲಕ್ಕೆ ಗೇಟು. ಊಟಕ್ಕೆ, ಬಟ್ಟೆಗೆ ಏನೂ ಕಡಿಮೆ ಮಾಡಿಲ್ಲ, ಸುಳ್ಳು ಯಾಕೆ ಹೇಳಲಿ.

ಹಾಗೆ ಇದ್ದಿದ್ದರೆ ನನ್ನ ಸಿಟ್ಟು ತಣ್ಣಗಾಗುತ್ತಿತ್ತೇನೋ. ಆದರೆ ನಿವೃತ್ತಿಯಾದ ಮೇಲೆ ಭಾವನಿಗೆ ರಕ್ತದೊತ್ತಡ ಬಂತು. ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದರಂತೆ. ಈ ಮನುಷ್ಯ ಇಟ್ಟುಕೊಂಡದ್ದೇನು ಗೊತ್ತೇ? ಗಾಳ! ಮಡಚುವ ಗಳ, ತಿರುಗುವ ರಾಟೆ, ತಲೆಗೆ ಅಗಲ ಟೋಪಿ, ಕೂರಲು ಬಟ್ಟೆಯ ಕುರ್ಚಿ. ನಿವೃತ್ತರ ಒಂದು ಗುಂಪೇ ಇದೆ, ಎಲ್ಲರೂ ಸೇರಿ ಮಸ್ಕಿಯ ಜಲಾಶಯಕ್ಕೆ ಹೋಗುತ್ತಾರೆ. ಗೇಣುದ್ದದ ಜಿಲೇಬಿ ಮೀನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡು ಮನೆತನದ ವಾಟ್ಸಾಪ್ ಗುಂಪಿಗೆಲ್ಲ ಕಳಿಸುತ್ತಾರೆ. ಕೆಳಗೆ ಬೀಗರೂ ನೆಂಟರೂ ಹೂವಿನ ಚಿತ್ರ ಹಾಕುತ್ತಾರೆ. ಅವ್ವ ಮಾಡಿದರೆ ಮನೆತನಕ್ಕೆ ಮಸಿ, ಮಗ ಮಾಡಿದರೆ ಮದ್ದು! ಆ ಫೋಟೋಗಳನ್ನು ನೋಡಿ ನಾನು ಎಷ್ಟು ಸಲ ಫೋನನ್ನು ಹಾಸಿಗೆಯ ಮೇಲೆ ಒಗೆದಿದ್ದೇನೋ ಲೆಕ್ಕವಿಲ್ಲ. ಒಡೆಯಬಾರದೆಂಬ ಬುದ್ಧಿ ಮಾತ್ರ ಇತ್ತು.

ಅಂಗಡಿಯ ಕಟ್ಟೆಗೆ ಬರೋಣ. ಅಂಗಡಿಯವರು ಮೂರು ಉಂಡೆಗಳನ್ನೂ ಹೊಗಳಿದರು. "ಮೇಡಮ್ಮೋರೇ, ಮೂರೂ ತೇಲ್ತಾವ್ರಿ, ಅಸಲಿ ಮಾಲ್ ಐತಿ. ಕಣ್ಣು ಮುಚ್ಚಿ ತಗೋರಿ."

"ಕಣ್ಣು ತಕ್ಕೊಂಡ ತಗೋತೀನಿ. ಒಂದು ಗ್ಲಾಸ್ ನೀರು ಕೊಡ್ರಿ" ಎಂದೆ. ಕುಡಿಯಲು ಎಂದುಕೊಂಡು ಕೊಟ್ಟರು. ಮೂರರಿಂದಲೂ ಬೆರಳುದ್ದ ಕತ್ತರಿಸಿಕೊಂಡು ಅದರಲ್ಲಿ ಹಾಕಿದೆ. ಮೂರೂ ಮೇಲೇ ನಿಂತವು. ಅಂಗಡಿಯವರು ಮೀಸೆಯಲ್ಲೇ ನಕ್ಕರು. ಇಲ್ಲೇ ಮೋಸ ಹೋಗುವುದು. ಸಣ್ಣ ದಾರ ಹಗುರಕ್ಕೆ ಸುಮ್ಮನೆ ನೀರಿನ ಮೇಲೆ ಕೂತಿರುತ್ತದೆ, ಅದು ತೇಲುವುದಲ್ಲ. ಬೆರಳಿನಿಂದ ಒತ್ತಿ ತಳಕ್ಕೆ ಮುಳುಗಿಸಿ ಬಿಡಬೇಕು. ಹಾಗೆ ಮಾಡಿದೆ. ಗಾಜಿನಂತೆ ಹೊಳೆಯುತ್ತಿದ್ದ ನೈಲಾನ್ ತಳದಲ್ಲೇ ಉಳಿಯಿತು. ಅದಕ್ಕಿಂತ ನುಣುಪಾದ ಎರಡನೆಯದು ಕಲ್ಲು ಬಿದ್ದ ಹಾಗೆ ಬಿದ್ದಿತ್ತು. ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದಿದ್ದ ಹಸಿರು ದಾರ ಮಾತ್ರ ಬೆರಳು ತೆಗೆದ ಕೂಡಲೇ ತಾನೇ ಮೇಲೆದ್ದು ಬಂತು. ಅದನ್ನೇ ಕಟ್ಟಿಸಿಕೊಂಡೆ.

ಡ್ಯೂಟಿ ಮುಗಿಸಿ ಸಂಜೆ ಮಸ್ಕಿಯಲ್ಲಿ ಇಳಿದು ಭಾವನ ಮನೆಗೆ ಹೋದೆ. ಉಂಡೆ ನನ್ನ ಊಟದ ಚೀಲದಲ್ಲಿತ್ತು. ನನ್ನನ್ನು ಕಂಡದ್ದೇ ತಡ, ಭಾವನಿಗೆ ಧೈರ್ಯ ಬಂತು. ಅತ್ತೆಯ ಕಡೆ ತಿರುಗಿ, "ಅವ್ವಾ, ನೀ ಆಗ ಎಂಥಾ ದಾರ ಹಾಕತಿದ್ದಿ?" ಎಂದು ಕೇಳಿಯೇಬಿಟ್ಟರು. ಅತ್ತೆ ಮುಖ ತಿರುಗಿಸಲಿ, ಎರಡು ಬೈಯಲಿ ಎಂದು ನಾನು ಕಾದೆ. ಅತ್ತೆ ಕುರ್ಚಿಯ ತುದಿಗೆ ಬಂದು ಕೂತು ಎಲ್ಲವನ್ನೂ ಹೇಳಿದರು. ಚೀಲದ ಎಳೆ, ಮೇಣದ ಬತ್ತಿ, ಸೀಸದ ಕಾಳು, ಹುಂಜದ ಪುಕ್ಕ, ದಾರ ಮಗುಚಿ ಹಾಕುವ ಬಗೆ. ಹೇಳುತ್ತಾ ಹೇಳುತ್ತಾ ಬಲಗೈ ಇಲ್ಲದ ಗಳವನ್ನು ಎತ್ತುತ್ತಿತ್ತು. ಇಷ್ಟು ಸುಲಭಕ್ಕೆ ಕೊಟ್ಟುಬಿಟ್ಟರಲ್ಲ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಎಲ್ಲ ಹೇಳಿ ಮುಗಿಸಿ, "ನನ್ನೂ ಒಂದಿನ ಕರಕೊಂಡು ಹೋಗ್ತೀಯೇನು?" ಎಂದರು.

ಭಾವ ನಕ್ಕರು. "ಅಲ್ಲಿ ಬರೇ ಗಂಡಸರು ಇರ್ತಾರವ್ವಾ. ನಿನ್ನ ಕರಕೊಂಡು ಹೋದ್ರ ಮಂದಿ ಏನಂದಾರು? ನೀ ಇಲ್ಲೇ ಆರಾಮ ಕುಂದ್ರು." ನನ್ನ ಕಡೆ ಕೈ ಚಾಚಿ, "ದಾರ ತಂದಿಯೇನಮ್ಮ?" ಎಂದರು.

"ಮರತೀನ್ರಿ ಭಾವ" ಎಂದೆ. ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದೆ. "ಇನ್ನೊಮ್ಮಿ ತರ್ತೀನ್ರಿ." ಅತ್ತೆ ಗೇಟಿನ ಕಡೆ ನೋಡುತ್ತಿದ್ದರು.

ನನ್ನ ವಾರದ ರಜೆಯ ದಿನ ಹೋಗಿ, ಅತ್ತೆಯ ಕಣ್ಣು ಡಾಕ್ಟರಿಗೆ ತೋರಿಸಬೇಕು, ಸಿಂಧನೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಭಾವ ಹೂಂ ಎಂದರು. ಸಿಂಧನೂರಿನಲ್ಲಿ ಇಳಿದು ಅಂಗಡಿಯಲ್ಲಿ ಒಂದು ಬಿದಿರಿನ ಗಳ, ಬೆಂಡು, ಗಾಳ ಕೊಂಡು ಜವಳಗೇರಾ ಬಸ್ಸು ಹತ್ತಿಸಿದೆ. ಎಲ್ಲಿಗೆ ಎಂದು ಅತ್ತೆ ಕೇಳಲಿಲ್ಲ. ಕಾಲುವೆಯ ದಂಡೆಯಲ್ಲಿ ನನ್ನ ಭುಜ ಹಿಡಿದು ಇಳಿದರು, ಮೊಣಕಾಲು ಮಡಚಲು ತಿಣುಕಾಡಿದರು. ಆದರೆ ಕೂತ ಮೇಲೆ ಎರಡೂ ಕಾಲು ಚಾಚಿದರು. ಹಸಿರು ದಾರವನ್ನು ತುಟಿಗೆ ತಾಗಿಸಿ ನೋಡಿ, "ಚಲೋ ಐತಿ" ಎಂದರು. ಬೆಂಡು ನೀರಿಗಿಳಿಯಿತು, ದಾರ ಅದರ ಹಿಂದೆ ನೀರಿನ ಮೇಲೆ ಮಲಗಿತು.

ಆಗಲೇ ನನ್ನ ಫೋನು ಬಡಿದುಕೊಂಡಿತು. ತೆಗೆಯಲು ಚೀಲಕ್ಕೆ ಕೈ ಹಾಕಿದೆ.

"ಯಾರಬೇ?" ಅತ್ತೆ ಬೆಂಡಿನಿಂದ ಕಣ್ಣು ತೆಗೆಯಲಿಲ್ಲ.

"ಭಾವರೀ. ದಾರ ಕೇಳಾಕ ಹಚ್ಯಾರ ಕಾಣ್ತೈತಿ."

ಅತ್ತೆಯ ದವಡೆ ಬಿಗಿಯಿತು. ಅಷ್ಟು ವರ್ಷ ಅವರ ಜೊತೆ ಬಾಳಿ, ಆ ಮುಖವನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಕಾಯ್ಲಿ ಬಿಡು" ಎಂದರು. "ನಾ ಕಾದಿಲ್ಲೇನು?"