ಕರೆಯಲು ಹೋದವಳು ತಿರುಗಿ ಬರುವ ತನಕ

‘ಹುಲಿಗೆಮ್ಮ ಯಾರು?’

ಹೋದ ಮಂಗಳವಾರ ಬೆಳಿಗ್ಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಇಮೇಲ್ ತೆರೆದರೆ ಮೊದಲ ಸಾಲಿನಲ್ಲೇ ಈ ಪ್ರಶ್ನೆ. ಕೇಳಿದವರು ದೂರದೇಶದ ಒಬ್ಬ ಹಿರಿಯ ಪ್ರೋಗ್ರಾಮರ್. ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ. ಕೆಳಗೆ ಇನ್ನೆರಡು ಮಾತು. ನೀವು ಕಳಿಸಿದ ಕೋಡ್ ಸರಿಯಾಗಿದೆ. ಆದರೆ ‘ಸಲಹೆ ಕೊಟ್ಟವರು’ ಎಂಬಲ್ಲಿ ನಿಜವಾಗಿ ಸಲಹೆ ಕೊಟ್ಟವರ ಹೆಸರಷ್ಟೇ ಇರಬೇಕು. ಪ್ರೀತಿಗೋ ಗೌರವಕ್ಕೋ ಹಾಕಿದ ಹೆಸರಾದರೆ ದಯವಿಟ್ಟು ತೆಗೆಯಿರಿ.

ತೆಗೆಯಬೇಕಾ? ಬಿಡಬೇಕಾ?

ಇದಕ್ಕೆ ಉತ್ತರ ಹೇಳಬೇಕಾದರೆ ಕತೆಯನ್ನು ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಾನು ರಾಯಚೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮಾನ್ವಿ ತಾಲ್ಲೂಕು ಬಾಗಲವಾಡದ ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. (ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೂ ಹೇಳುತ್ತೇನೆ. ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಮೆಲ್ಲಗೆ ಹೇಳುವ ಅಭ್ಯಾಸ ನನಗಿಲ್ಲ.)

ನಮ್ಮ ಲ್ಯಾಬಿನಲ್ಲಿ ಒಂದು ಕಾಟವಿತ್ತು. ಕರೆಂಟ್ ಹೋದರೆ ಯುಪಿಎಸ್ ಮೇಲೆ ಕಂಪ್ಯೂಟರ್ ನಡೆಯಬೇಕು ತಾನೆ? ಎಲ್ಲವೂ ನಡೆಯುತ್ತಿದ್ದವು, ಒಂದು ಮಾತ್ರ ಕಲ್ಲಿನಂತೆ ಕೂತುಬಿಡುತ್ತಿತ್ತು. ಇವತ್ತು ಈ ಯಂತ್ರ, ನಾಳೆ ಆ ಯಂತ್ರ. ದಿನಾ ಅಲ್ಲ, ಹತ್ತು ಸಲಕ್ಕೊಮ್ಮೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೀಗೇ ಆಗಿ, ದೇವದುರ್ಗ ತಾಲ್ಲೂಕಿನ ಮಸರಕಲ್‌ನಿಂದ ಎರಡು ಬಸ್ಸು ಹಿಡಿದು ಬರುವ ರೇಣುಕಾ ಎಂಬ ವಿದ್ಯಾರ್ಥಿನಿ ಎರಡು ತಾಸು ಕೂತು ಬರೆದಿದ್ದ ಪ್ರೋಗ್ರಾಂ ಹೋಯಿತು. ಅವಳು ಅಳಲಿಲ್ಲ. ‘ಮತ್ತ ಬರೀತೀನ್ರಿ ಮೇಡಂ’ ಅಂದಳು. ನನಗೇ ಕಣ್ಣು ತುಂಬಿತು.

‘ವೈರಿಂಗ್ ಸರಿ ಇಲ್ರಿ’ ಅಂದರು ಲ್ಯಾಬ್ ನೋಡಿಕೊಳ್ಳುವವರು. ನಾನು ಒಪ್ಪಲಿಲ್ಲ. ಮೂರು ತಿಂಗಳು ಹುಡುಕಿದೆ. ತಪ್ಪು ವೈರಿನಲ್ಲಿರಲಿಲ್ಲ, ಕರ್ನಲ್‌ನಲ್ಲಿತ್ತು.

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಇಡೀ ಯಂತ್ರದ ಕಾರುಬಾರು ನೋಡುವ ಭಾಗ. ನಮ್ಮ ಲ್ಯಾಬಿನದು ಜಗತ್ತಿನ ಸಾವಿರಾರು ಮಂದಿ ಕೂಡಿ ಬರೆಯುವಂಥದ್ದು. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಅದರೊಳಗೆ ಒಂದು ಪಟ್ಟಿ. ‘ಕರೆಂಟ್ ಹೋದರೆ ನನಗೂ ಹೇಳು’ ಎಂದು ಹೆಸರು ಬರೆಸಿದವರ ಪಟ್ಟಿ. ಡಿಸ್ಕ್ ನೋಡುವ ಭಾಗದ್ದು, ಸ್ಕ್ರೀನ್ ನೋಡುವ ಭಾಗದ್ದು, ಹೀಗೆ. ಕರೆಂಟ್ ಹೋದ ಕೂಡಲೇ ಕರ್ನಲ್ ಆ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತ ಹೋಗುತ್ತದೆ. ಈ ಕರೆಗೆ ಕಾಲ್‌ಬ್ಯಾಕ್ ಎಂದು ಹೆಸರು.

ಕೆಲಸ ಮಾಡುವ ಮಿದುಳು ಒಂದೇ ಇದ್ದರೆ ತಂಟೆಯಿಲ್ಲ. ಈಗಿನ ಕಂಪ್ಯೂಟರಿಗೆ ನಾಲ್ಕು, ಎಂಟು ಮಿದುಳು. ಒಂದು ಮಿದುಳು ಪಟ್ಟಿ ಹಿಡಿದು ಕರೆಯುತ್ತಿರುವಾಗಲೇ ಇನ್ನೊಂದು ಅದರಿಂದ ಒಬ್ಬರ ಹೆಸರು ಹೊಡೆದುಹಾಕಿ, ಅವರಿದ್ದ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ? ಕರೆಯಲು ಹೋದವರು ಯಾರ ಬಾಗಿಲು ಬಡಿದಂತಾಯಿತು?

ತಪ್ಪು ಇದೇ ಎಂದು ಗೊತ್ತಾದ ದಿನ ನಾನು ಒಬ್ಬಳೇ ಕೂತು ನಕ್ಕೆ. ಆ ಬಾಗಿಲು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮವ್ವ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳ ಗುಂಪು ನಡೆಸುತ್ತಾಳೆ. ನಲವತ್ತು ಮಂದಿ. ಕಾಲುವೆಗೆ ನೀರು ಬಿಟ್ಟರೆಂದರೆ ದಿನಾ ಒಬ್ಬರದೊಂದು ಗದ್ದೆ. ಬೆಳಕು ಹರಿಯುವ ಮುಂಚೆ ಇಬ್ಬರು ಹೆಂಗಸರು ನಮ್ಮ ಮನೆಗೆ ಬರುತ್ತಾರೆ. ಅವ್ವ ಅವತ್ತಿನ ಹೆಸರುಗಳನ್ನು ಬಾಯಲ್ಲಿ ಹೇಳುತ್ತಾಳೆ, ಅವರು ಅವನ್ನು ತಿರುಗಿ ಒಪ್ಪಿಸುತ್ತಾರೆ, ಒಬ್ಬಳು ಮೇಲಿನ ಓಣಿಗೆ, ಇನ್ನೊಬ್ಬಳು ಕೆಳಗಿನ ಓಣಿಗೆ ಕರೆಯಲು ಹೊರಡುತ್ತಾರೆ. ಅಗಸಿಯ, ಅಂದರೆ ಊರಬಾಗಿಲಿನ, ಹತ್ತಿರ ಟ್ರ್ಯಾಕ್ಟರ್ ನಿಂತಿರುತ್ತದೆ. ಅವ್ವನಿಗೆ ಓದು ಬರುವುದಿಲ್ಲ. ಆದರೆ ಅವಳ ಪಟ್ಟಿಯಲ್ಲಿ ಇವತ್ತಿನ ತನಕ ಒಂದು ಹೆಸರು ಆಚೀಚೆ ಆಗಿದ್ದು ನಾನು ಕಂಡಿಲ್ಲ.

ಒಂದೇ ಒಂದು ಸಲ ಆಗಿತ್ತು. ನಾನು ಹೈಸ್ಕೂಲಿನಲ್ಲಿದ್ದೆ. ಗುಂಪಿನ ಒಬ್ಬಾಕೆ ಯಾರಿಗೂ ಹೇಳದೆ ಸಂಸಾರ ಕಟ್ಟಿಕೊಂಡು ಚಂದ್ರಬಂಡಕ್ಕೆ ಹೋಗಿಬಿಟ್ಟಳು. ಮನೆ ಮಾಲೀಕರು ಮರುದಿನವೇ ಆ ಮನೆಯನ್ನು ಹೊಸದಾಗಿ ಬಂದ ಮೇಷ್ಟ್ರಿಗೆ ಬಾಡಿಗೆ ಕೊಟ್ಟರು. ಕರೆಯಲು ಹೋದವಳು ದ್ಯಾವಮ್ಮ. ಅವಳ ದನಿ ಕಾಲುವೆಯ ಆಚೆ ದಂಡೆಗೂ ಕೇಳುತ್ತದೆ.

‘ಏಳ ಬೇ, ಇನ್ನಾ ಮಕ್ಕೊಂಡಿ? ಟ್ರ್ಯಾಕ್ಟರ್ ನಿಂತದ. ಲಗೂನ ಸೀರಿ ಸುತ್ತಿಗೊಂಡು ಹೊರಗ ಬಾ.’

ಟವೆಲ್ ಸುತ್ತಿಕೊಂಡು ಮೇಷ್ಟ್ರು ಹೊರಗೆ ಬಂದರು.

ಊರು ತಿಂಗಳಾನುಗಟ್ಟಲೆ ನಕ್ಕಿತು. ಅವ್ವ ಮಾತ್ರ ಅವತ್ತು ಸಂಜೆಯೇ ಎಲ್ಲರನ್ನೂ ಕೂಡಿಸಿ ಒಂದು ಕಾಯಿದೆ ಮಾಡಿದಳು. ‘ಗುಂಪು ಬಿಡಾಕಿ ಮೊದಲ ನನಗ ಹೇಳಬೇಕು. ನಾ ಹೆಸರು ಬಿಡ್ತೀನಿ. ಆದ್ರ ಅಷ್ಟೊತ್ತಿಗಿ ಕರಿಯಾಕ ಹೊಂಟಾಕಿ ಹಳೇ ಹೆಸರು ತಗೊಂಡ ಹೊಂಟಿರ್ತಾಳ. ಆಕಿ ತಿರುಗಿ ಬರಾತನ ನೀವು ಹೊಸ್ತಿಲ ದಾಟಬ್ಯಾಡ್ರಿ.’

ನಾನು ಕರ್ನಲ್‌ಗೆ ಬರೆದ ಮದ್ದೂ ಇಷ್ಟೇ. ಮೊದಲು ಹೆಸರು ತೆಗೆ, ಹೊಸದಾಗಿ ಹೊರಟವರಿಗೆ ಅದು ಕಾಣುವುದಿಲ್ಲ. ಆಮೇಲೆ, ಈಗಾಗಲೇ ಹೊರಟವರು ತಿರುಗಿ ಬರುವ ತನಕ ಕಾಯಿ. ಅವರೆಲ್ಲ ಬಂದ ಮೇಲೆ ಜಾಗ ಬಿಟ್ಟುಕೊಡು. ಬರೆದೆ, ಕಳಿಸಿದೆ. ಕಾಲೇಜಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಹೌದು, ಉತ್ತರ ಬರುವ ಮುಂಚೆಯೇ.

ಉತ್ತರ ಬಂತು. ಬಂದ ತಿದ್ದುಪಡಿಗಳನ್ನು ನೋಡಿ ಸೇರಿಸುವ ಆ ಹಿರಿಯ ಪ್ರೋಗ್ರಾಮರ್ ಕೇಳಿದ್ದು ಒಂದೇ ಮಾತು: ‘ಯಾರನ್ನು ಕರೆಯುತ್ತಿದ್ದೀರೋ ಅವರೇ, ಆ ಕರೆಯ ನಡುವೆ, ನನ್ನ ಹೆಸರು ತೆಗೆಯಿರಿ ಅಂದರೆ?’

ತಲೆ ಗಿರ್ರೆಂದಿತು. ನನ್ನ ಕಾಯಿದೆಯ ಪ್ರಕಾರ ಅವರು ಕರೆ ಮುಗಿಯುವ ತನಕ ಕಾಯಬೇಕು. ಅವರು ತಮ್ಮ ಕೆಲಸ ಮುಗಿಸಿ ಏಳುವ ತನಕ ಕರೆ ಮುಗಿಯುವುದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂತರೆ ಯಂತ್ರ ನಿಂತಂತೆಯೇ. ರೋಗ ಕಳೆಯಲು ಹೋಗಿ ಅದೇ ರೋಗವನ್ನು ಬೇರೆ ದಾರಿಯಿಂದ ತಂದಿದ್ದೆ. ಎರಡು ವಾರದಲ್ಲಿ ಸರಿಮಾಡಿ, ಇಲ್ಲದಿದ್ದರೆ ಇದನ್ನು ಕೈಬಿಡುತ್ತೇವೆ ಎಂದೂ ಬರೆದಿದ್ದರು.

ಹನ್ನೆರಡು ದಿನ ಏನೂ ಹೊಳೆಯಲಿಲ್ಲ.

ಹದಿಮೂರನೆಯ ದಿನ ಕಣ್ಣು ತೋರಿಸಲು ಅವ್ವ ರಾಯಚೂರಿಗೆ ಬಂದಳು. ಸಂಜೆ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತ ಕೂತವಳು ಕೇಳಿದಳು, ‘ಯಾಕವಾ, ಮಾರಿ ಹಂಗ ಮಾಡೀದಿ?’

ಹೇಳಿದೆ. ಕರ್ನಲ್, ಕಾಲ್‌ಬ್ಯಾಕ್ ಅಂತೆಲ್ಲ ಅಲ್ಲ. ಗುಂಪು, ಓಣಿ, ಕರೆಯುವವಳು ಅಂತಲೇ ಹೇಳಿದೆ. ಅವ್ವ ಮೊರ ಕೆಳಗಿಟ್ಟು ನಗಲು ಶುರು ಮಾಡಿದಳು.

‘ನಮ್ಮ ದ್ಯಾವಿ ಮಾಡಿದ್ದ ಮಾಡೇದಲ್ಲ ನಿನ್ನ ಮಿಷಿನ್ನು.’

ದ್ಯಾವಮ್ಮನ ಈ ಇನ್ನೊಂದು ಕತೆ ನಮ್ಮ ಮನೆಯಲ್ಲಿ ಎಷ್ಟೋ ಸಲ ನಕ್ಕು ಮರೆತದ್ದು. ಮೇಷ್ಟ್ರ ವಿಷಯಕ್ಕೆ ಅವ್ವ ಅವಳನ್ನು ಆಗಾಗ ಕಾಡಿಸುತ್ತಿದ್ದಳು. ದ್ಯಾವಮ್ಮನಿಗೆ ಒಂದು ದಿನ ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆ ಹೆಸರು ಒಪ್ಪಿಸಿ ಕರೆಯಲು ಹೊರಟವಳು ಅರ್ಧ ಓಣಿ ಕರೆದಳು. ನಡುವೆ ಅವಳದೇ ಮನೆ ಬಂತು. ಹೊಸ್ತಿಲ ಮೇಲೆ ಕೂತುಬಿಟ್ಟಳು. ಉಳಿದರ್ಧ ಓಣಿಗೆ ಕರೆಯೇ ಇಲ್ಲ. ಅಗಸಿಯಲ್ಲಿ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಅವ್ವ ಓಡಿ ಬಂದಳು.

‘ಏನ ಬೇ ದ್ಯಾವಿ, ಇಲ್ಲಿ ಕುಂತೀದಿ?’

‘ನಾ ಗುಂಪು ಬಿಟ್ಟೀನಿ. ಕರಿಯಾಕಿ ತಿರುಗಿ ಬರಾತನ ಹೊಸ್ತಿಲ ದಾಟಬ್ಯಾಡ ಅಂತ ನೀನ ಹೇಳಿಲ್ಲೇನು? ಕಾಯಾಕತ್ತೀನಿ.’

‘ಕರಿಯಾಕಿ ನೀನ ಅಲ್ಲೇನ ಬೇ?’

‘ಅದಕ್ಕ ಆಕಿ ಇನ್ನಾ ಬಂದಿಲ್ಲ.’

ನಾನು ನಗಲಿಲ್ಲ. ‘ಆಮ್ಯಾಲ ನೀ ಏನ್ ಮಾಡಿದೆವ್ವಾ?’ ಎಂದೆ.

‘ಏನ್ ಮಾಡೋದು? ಕರಿಯಾಕಿಗಿ ಕಾಯೋ ಕಾಯಿದಿ ಇಲ್ಲ ಅಂದೆ. ನಿನ್ನ ಹೆಸರು ಈಗ ಬಿಟ್ಟೀನಿ, ಎದ್ದು ಉಳಿದ ಮನಿ ಕರದು ಮುಗಸು. ತಿರುಗಿ ಬಂದು ಬೀಗ ನೀನ ಹಾಕ್ಕೊಂಡು ಹೋಗು ಅಂದೆ.’

‘ಆಕಿ ತಿರುಗಿ ಬಂದಾಗ ಇನ್ನೊಂದು ಓಣಿಗಿ ಕರಿಯಾಕ ಹೋದಾಕಿ ಇನ್ನಾ ಬಂದಿರಲಿಲ್ಲಂದ್ರ?’

‘ಕಡೀಕ ಯಾರು ಬರ್ತಾರ ಅವರು ಬೀಗ ಹಾಕ್ತಾರ. ಅದಕ್ಯಾಕ ಇಷ್ಟ ವಿಚಾರ ಮಾಡ್ತಿ?’

ಅಷ್ಟೇ. ಹನ್ನೆರಡು ದಿನ ನನ್ನನ್ನು ಕುಣಿಸಿದ ಪ್ರಶ್ನೆಗೆ ಅವ್ವ ಜೋಳ ಹಸನು ಮಾಡುತ್ತ ಉತ್ತರ ಕೊಟ್ಟಳು. ಕರೆಯ ಒಳಗಿದ್ದವರು ಕಾಯಬೇಕಿಲ್ಲ. ಹೆಸರು ಹೊಡೆದು, ಕೆಲಸ ಮುಗಿಸಿ ಎದ್ದು ಹೋಗಲಿ. ಜಾಗಕ್ಕೆ ಬೀಗ ಹಾಕುವ ಕೆಲಸ ಕೊನೆಗೆ ಹೊರಬೀಳುವವರದು. ಮೂವತ್ತು ಸಾಲು ಕೂಡ ಆಗಲಿಲ್ಲ. ಅಡಿಯಲ್ಲಿ ಬರೆದೆ, ‘ಸಲಹೆ ಕೊಟ್ಟವರು: ಹುಲಿಗೆಮ್ಮ’. ಹೆಸರು ಹಾಕುವ ಮುಂಚೆ ಅವರನ್ನು ಕೇಳಬೇಕೆಂಬ ನಿಯಮವಿದೆ. ಕೇಳಿದೆ.

‘ಹಾಕು’ ಅಂದಳು ಅವ್ವ. ‘ಹೆಬ್ಬಟ್ಟು ಒತ್ತಬೇಕೇನು?’

‘ಬ್ಯಾಡ. ಒಮ್ಮಿ ಸೇರಿತಂದ್ರ ಅದನ್ನ ಯಾರೂ ತೆಗಿಯಾಕ ಬರಂಗಿಲ್ಲ.’

‘ಹಂಗಾರ ಚೊಲೊ ಆತು ಬಿಡು.’

ಹೀಗೆ ಹಾಕಿದ ಹೆಸರಿಗೇ ಮಂಗಳವಾರ ಆ ಪ್ರಶ್ನೆ ಬಂದದ್ದು. ಹುಲಿಗೆಮ್ಮ ಯಾರು?

ಸಿಟ್ಟು ಬಂತು. ಪಟಪಟನೆ ಉತ್ತರ ಟೈಪ್ ಮಾಡಿದೆ: ‘ಹುಲಿಗೆಮ್ಮ ನನ್ನ ತಾಯಿ. ಸಲಹೆ ನಿಜವಾಗಿಯೂ ಅವಳದೇ.’ ಕಳಿಸುವ ಮುಂಚೆ ಅವ್ವನಿಗೆ ಫೋನ್ ಮಾಡಿದೆ. ಗದ್ದೆಯಲ್ಲಿದ್ದಳು. ಹಿಂದೆ ಹೆಣ್ಣುಮಕ್ಕಳ ಮಾತು, ನೀರಿನ ಸಪ್ಪಳ.

‘ನೀ ಯಾರಂತ ಕೇಳ್ಯಾರ ಅವ್ವಾ.’

‘ಏನಂತ ಬರದಿ?’

‘ನಮ್ಮವ್ವ ಅಂತ ಬರದೀನಿ.’

‘ಅಷ್ಟ?’

‘ಮತ್ತೇನು ಬರೀಲಿ?’

‘ಅವ್ವ ಎಲ್ಲಾರಿಗಿ ಇರ್ತಾಳ. ಅವರು ಕೇಳಿದ್ದು ನಾ ಯಾರಂತ. ನಲವತ್ತು ಮಂದಿ ಗುಂಪು ನಡಸಾಕಿ ಅಂತ ಬರಿ. ದ್ಯಾವಿ ಕುಂತ ದಿನಾನೂ ಟ್ರ್ಯಾಕ್ಟರ್ ಖಾಲಿ ಹೋಗಿಲ್ಲ, ಅದನ್ನೂ ಬರಿ.’

ಫೋನ್ ಇಟ್ಟೆ.

ಓದುಗರೆ, ನನ್ನ ಡಿಗ್ರಿಯ ಬಗ್ಗೆ ಈ ಅಂಕಣದಲ್ಲಿ ಇಷ್ಟು ಮೆರೆದಿದ್ದೇನಲ್ಲ, ಒಂದು ಮಾತು ಮಾತ್ರ ಹೇಳಿರಲಿಲ್ಲ. ಹೈಸ್ಕೂಲಿನಿಂದ ಹಿಡಿದು ಕೆಲಸದ ಅರ್ಜಿಯ ತನಕ, ‘ತಾಯಿಯ ಉದ್ಯೋಗ’ ಎಂಬ ಕಾಲಂನಲ್ಲಿ ನಾನು ಬರೆಯುತ್ತ ಬಂದದ್ದು ‘ಮನೆಗೆಲಸ’. ವರ್ಷಕ್ಕೆ ಎರಡು ನಾಟಿ, ಮೊಣಕಾಲ ತನಕ ಕೆಸರು, ನಲವತ್ತು ಮಂದಿಯ ಜವಾಬ್ದಾರಿ. ನಾನು ಬರೆದದ್ದು ಮನೆಗೆಲಸ. ಅದರ ಕೆಳಗೆ ಅವಳ ಕೈಯಿಂದಲೇ ಹೆಬ್ಬಟ್ಟು ಒತ್ತಿಸಿದ್ದೇನೆ. ಒಮ್ಮೆ ಕೇಳಿದ್ದಳು, ‘ಏನ್ ಬರದದ ಇದರಾಗ?’ ‘ನಿನ್ನ ಹೆಸರವ್ವಾ’ ಅಂದಿದ್ದೆ.

ಟೈಪ್ ಮಾಡಿದ್ದನ್ನು ಅಳಿಸಿದೆ. ಹೊಸದಾಗಿ ಬರೆದೆ: ‘ಹುಲಿಗೆಮ್ಮ ನಲವತ್ತು ಹೆಣ್ಣುಮಕ್ಕಳ ನಾಟಿ ಗುಂಪಿನ ಮುಖ್ಯಸ್ಥೆ. ದಿನಾ ಬೆಳಿಗ್ಗೆ ಎರಡು ಓಣಿಯಲ್ಲಿ ಒಟ್ಟಿಗೇ ಕರೆಯಲು ಜನ ಕಳಿಸುತ್ತಾರೆ. ಕರೆಯುವವಳೇ ಗುಂಪು ಬಿಟ್ಟು ಹೊಸ್ತಿಲ ಮೇಲೆ ಕಾಯುತ್ತ ಕೂತಾಗ, ಈ ಕಾಯಿದೆಯನ್ನು ಅವರು ಮಾಡಿದರು. ನಾನು ಅದನ್ನು ಕೋಡಿಗೆ ಇಳಿಸಿದೆ, ಅಷ್ಟೇ.’ ಟ್ರ್ಯಾಕ್ಟರಿನ ಮಾತನ್ನೂ ಸೇರಿಸಿದೆ.

ಮಧ್ಯಾಹ್ನದ ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಉತ್ತರ ಬಂದಿತ್ತು. ‘ಆ ಸಾಲು ಹಾಗೇ ಇರಲಿ. ಸೇರಿಸಿದ್ದೇನೆ.’

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎರಡು ಸಲ. ಲ್ಯಾಬಿನ ಯಂತ್ರಗಳಿಗೂ ಅದೇ ತಿದ್ದುಪಡಿ ಹಾಕಿದ್ದೇನೆ. ಗುರುವಾರ ಕರೆಂಟ್ ಹೋಯಿತು, ಒಂದೂ ನಿಲ್ಲಲಿಲ್ಲ. ವೈರಿಂಗ್ ಅಂದವರು ಕಿಟಕಿಯ ಆಚೆ ನೋಡಿದರು.

ಶುಕ್ರವಾರ ರೇಣುಕಾ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಮಾಡಿಸಲು ಬಂದಳು. ದುಂಡನೆಯ ಅಕ್ಷರ, ಒಂದು ಚಿತ್ತು ಇಲ್ಲ. ಓದುತ್ತ ಓದುತ್ತ ಆ ಕಾಲಂಗೆ ಬಂದೆ. ‘ತಾಯಿಯ ಉದ್ಯೋಗ: ಮನೆಗೆಲಸ.’

ಸಹಿ ಮಾಡಲಿಲ್ಲ. ಪೆನ್ನನ್ನು ಅವಳ ಕೈಗೆ ಕೊಟ್ಟು ಕೇಳಿದೆ, ‘ಖರೇ ಹೇಳವಾ, ನಿಮ್ಮವ್ವ ಏನ್ ಕೆಲಸ ಮಾಡ್ತಾಳ?’